ಗಂಜಿ ಕೊಡುವ ಕೈ

ಸಿಂಧನೂರು
20 ನವೆಂಬರ್ 2023

ಮಸ್ಕಿಯ ಜೋಗಮ್ಮ ಅಕ್ಕಾರಿಗೆ ನಿಮ್ಮ ತಮ್ಮನ ಹೆಂಡತಿ ಸುವಾರ್ತಮ್ಮ ಮಾಡುವ ವಂದನೆಗಳು.

ನಿಮ್ಮ ತಮ್ಮನನ್ನು ನಿನ್ನೆ ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ನಡೆಯುತ್ತಾರೆ. ಎಡಗೈ ಸ್ವಲ್ಪ ಸೋಲುತ್ತದೆ, ಅದೂ ಸರಿಹೋಗುತ್ತದೆ ಎಂದಿದ್ದಾರೆ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಅಕ್ಕಿ ಮಿಲ್ಲಿನಲ್ಲಿ ಬಿದ್ದ ಮನುಷ್ಯ ವಾರಗಟ್ಟಲೆ ಕಣ್ಣು ಬಿಡದೆ ಮಲಗಿದ್ದು, ಈಗ ನನ್ನ ಮನೆಯ ಮಂಚದ ಮೇಲಿದ್ದಾರೆ. ಇದನ್ನು ಬರೆಯುತ್ತ ಬರೆಯುತ್ತ ಎರಡು ಸಲ ಎದ್ದುಹೋಗಿ ಉಸಿರಾಡುತ್ತಿದ್ದಾರೆಯೇ ಎಂದು ನೋಡಿ ಬಂದೆ.

ಫೋನು ಇರುವಾಗ ಕಾಗದ ಯಾಕೆ ಅನ್ನುತ್ತೀರಿ. ನಮ್ಮದು ಒಂದೇ ಖೋಲಿಯ ಮನೆ. ಫೋನಿನಲ್ಲಿ ಏನು ಮಾತಾಡಿದರೂ ಅವರ ಕಿವಿಗೆ ಬೀಳುತ್ತದೆ. ಮಲಗಿದ್ದಾರೋ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಾರೋ ತಿಳಿಯುವುದೇ ಇಲ್ಲ. ಶಾಲೆಯಲ್ಲಿ ನನ್ನ ಜೊತೆ ಬಿಸಿಯೂಟದ ಅಡುಗೆ ಮಾಡುವ ಸಕೀನಾಬೀ ಗೊತ್ತಲ್ಲ, ಅವಳ ಮಗ ಯೂನುಸ ಈಗ ಮಸ್ಕಿ ಬಸ್ಸಿಗೆ ಕಂಡಕ್ಟರ್ ಆಗಿದ್ದಾನೆ. ಅವನ ಕೈಯಲ್ಲಿ ಕಳಿಸಿದ್ದೇನೆ, ನೀವೂ ಉತ್ತರವನ್ನು ಅವನ ಕೈಯಲ್ಲೇ ಕೊಡಿ.

ಅವರು ಬಿದ್ದ ದಿನವೇ ನಾನು ಉಪವಾಸ ಹಿಡಿದೆ. ಹಗಲೆಲ್ಲ ನೀರು, ಕತ್ತಲಾದ ಮೇಲೆ ಉಪ್ಪಿಲ್ಲದ ಒಂದು ಹಿಡಿ ಅನ್ನ. ನಮ್ಮ ಚರ್ಚಿನ ಸಭೆಯ ಹೆಣ್ಣುಮಕ್ಕಳು ಸರದಿಯ ಮೇಲೆ ಬಂದು ನನ್ನ ಜೊತೆ ಮೊಣಕಾಲೂರಿ ಪ್ರಾರ್ಥಿಸಿದರು. ಅವರಿಗೆಲ್ಲ ಅವತ್ತಿನ ಉಪವಾಸ ಅವತ್ತಿಗೆ ಮುಗಿಯಿತು. ನನ್ನದು ಮಾತ್ರ ಮುಗಿದಿಲ್ಲ. ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಬೈಬಲಿನಲ್ಲಿ ಇಲ್ಲ, ನಮ್ಮ ಹಿರಿಯರು ಮಾಡಿಕೊಂಡದ್ದು. ಯಾರಿಗಾಗಿ ಉಪವಾಸ ಹಿಡಿದೆವೋ ಅವರು ಗುಣವಾಗಿ ಸಭೆಗೆ ಬಂದು, ತಮ್ಮ ಕೈಯಾರೆ ಒಂದು ಲೋಟ ಗಂಜಿ ಕೊಡಬೇಕು. ಆಗಲೇ ಉಪವಾಸ ಬಿಟ್ಟಂತೆ.

ನಮ್ಮ ಕೃಪಾ ಜ್ವರದಲ್ಲಿ ಮಲಗಿದ್ದಾಗಲೂ ಹಿಡಿದಿದ್ದೆ. ಆರು ವರ್ಷದ ಕೂಸು. ಆಗ ಗಂಜಿ ಕೊಡುವ ಕೈಯೇ ಉಳಿಯಲಿಲ್ಲ. ಲಿಂಗಸುಗೂರಿನಲ್ಲಿ ನಮ್ಮಪ್ಪನ ಸಮಾಧಿಯ ಪಕ್ಕ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಪಾಸ್ಟರಯ್ಯನವರೇ ಲೋಟ ಬಾಯಿಗೆ ಹಿಡಿದರು, ನನಗೆ ನುಂಗಲು ಆಗಲಿಲ್ಲ. ಅದಕ್ಕೇ ಈ ಸಲದ ಗಂಜಿಗೆ ನಾನು ಎಷ್ಟು ಕಾಯುತ್ತಿದ್ದೇನೆಂದು ನಿಮಗೆ ಗೊತ್ತಾಗುತ್ತದೆ. ಬರುವ ಭಾನುವಾರ ಅವರನ್ನು ಸಭೆಗೆ ಕರೆದೊಯ್ಯುತ್ತೇನೆ.

ನಿಮ್ಮ,
ಸುವಾರ್ತಮ್ಮ


ಮಸ್ಕಿ
23 ನವೆಂಬರ್ 2023

ಸುವಾರ್ತಾ,

ನಿನ್ನ ಕಾಗದ ಬಂದಾಗ ನಾನು ಅಂಗನವಾಡಿ ಮಕ್ಕಳಿಗೆ ಮೊಟ್ಟೆ ಸುಲಿಯುತ್ತಿದ್ದೆ. ಓದುತ್ತ ಓದುತ್ತ ನನ್ನ ಪಾಲಿಗೊಂದು ಸುಲಿದು ತಿಂದೇಬಿಟ್ಟೆ. ಸರ್ಕಾರ ನನ್ನ ಮೇಲೆ ಕೇಸು ಹಾಕಲಿ. ನನ್ನ ತಮ್ಮ ಬದುಕಿದ ಸಂತೋಷಕ್ಕೆ ಒಂದು ಮೊಟ್ಟೆ ದೊಡ್ಡದಲ್ಲ.

ನಾನೂ ಇಲ್ಲಿ ಸುಮ್ಮನೆ ಕೂತಿರಲಿಲ್ಲ ತಾಯಿ. ಎಲ್ಲಮ್ಮನಿಗೆ ಉಡಿ ತುಂಬುತ್ತೇನೆಂದು ಬೇಡಿಕೊಂಡಿದ್ದೆ, ತುಂಬಿಯೂ ಬಂದೆ. ಉಳಿಸಿದ್ದು ನಿನ್ನ ಯೇಸುವೋ ನನ್ನ ಎಲ್ಲಮ್ಮನೋ ಅವರಿಬ್ಬರೇ ಕೂತು ಬಗೆಹರಿಸಿಕೊಳ್ಳಲಿ. ಅವ್ವ ಸತ್ತ ಮೇಲೆ ನನ್ನ ಸೊಂಟದ ಮೇಲೆ ಬೆಳೆದವನು ಲಾಲಪ್ಪ. ನಿನ್ನನ್ನು ಮೆಚ್ಚಿ ಮದುವೆಯಾಗಿ ನಿಮ್ಮ ಚರ್ಚಿಗೆ ಹೋದಾಗ ಒಂದು ವರ್ಷ ಮಾತು ಬಿಟ್ಟಿದ್ದೆ. ಈಗ ಅವನು ಯಾವ ಗುಡಿಗಾದರೂ ಹೋಗಲಿ, ನಡೆದುಕೊಂಡು ಹೋದರೆ ಸಾಕು.

ಒಂದು ಮಾತು ಹೊಟ್ಟೆಯಲ್ಲಿ ಉಳಿದಿದೆ. ಆಸ್ಪತ್ರೆಗೆ ಬಂದಿದ್ದೆನಲ್ಲ, ಅವನು ಕಣ್ಣು ಬಿಟ್ಟ ಮರುದಿನ? ನಾನು "ಲಾಲ್ಯಾ, ನಾ ಜೋಗಕ್ಕ ಬಂದೀನಪ್ಪ" ಅಂದೆ. ಅವನು ನನ್ನನ್ನು ನೋಡಲಿಲ್ಲ. ನನ್ನ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದ, ಅಲ್ಲಿ ಯಾರೋ ನಿಂತ ಹಾಗೆ. ನಾನೇ ತಿರುಗಿ ನೋಡಿದೆ. ಬರೀ ಗೋಡೆ. ಔಷಧಿಯ ಅಮಲು ಇರಬೇಕು ಎಂದುಕೊಂಡು ಬಂದೆ. ಈಗ ಹೇಗಿದ್ದಾನೆ, ಬರೆ. ಭಾನುವಾರ ಗಂಜಿ ಕುಡಿದು, ಮೇಲೆ ಎರಡು ರೊಟ್ಟಿಯನ್ನೂ ತಿನ್ನು.

ಜೋಗಮ್ಮ


ಸಿಂಧನೂರು
28 ನವೆಂಬರ್ 2023

ಅಕ್ಕಾರಿಗೆ ವಂದನೆಗಳು.

ಗಂಜಿ ಕುಡಿಯಲಿಲ್ಲ ಅಕ್ಕಾರ.

ಭಾನುವಾರ ಸಭೆ ತುಂಬಿತ್ತು. ನಿಮ್ಮ ತಮ್ಮನನ್ನು ಮುಂದೆ ಕುರ್ಚಿಯ ಮೇಲೆ ಕೂರಿಸಿದರು. ಪಾಸ್ಟರಯ್ಯನವರು ಸ್ತೋತ್ರ ಹೇಳಿ ಗಂಜಿಯ ಲೋಟವನ್ನು ಅವರ ಬಲಗೈಗೆ ಕೊಟ್ಟರು. ನಾನು ಎದುರಿಗೆ ಮೊಣಕಾಲೂರಿದೆ. ಅವರು ಲೋಟದೊಳಗೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಗ್ಗಿ ಲೋಟವನ್ನು ನೆಲದ ಮೇಲೆ ಇಟ್ಟುಬಿಟ್ಟರು.

"ನಾ ಯಾಕ ಬಿಡಸಲಿ? ನಾ ಮಾಡು ಅಂದಿದ್ನೇನು?" ಅಂದರು. ಮೆಲ್ಲಗೇ ಅಂದರು, ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿತು. ಇನ್ನೂ ಸುಸ್ತಿದೆ, ಮುಂದಿನ ವಾರ ನೋಡೋಣ ಎಂದು ಪಾಸ್ಟರಯ್ಯನವರು ಹಾಡು ಎತ್ತಿದರು.

ಮನೆಗೆ ಬಂದ ಮೇಲೆ ನಾನು ಕೇಳಿದೆ, ಏನ್ರೀ ನನ್ನಿಂದ ಏನು ತಪ್ಪಾಯಿತು ಎಂದು. ಮಂಚದ ಮೇಲೆ ಕೂತರು. ಆಮೇಲೆ ಎಲ್ಲ ಹೇಳಿದರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ನಾ ಕಣ್ಣ ಮುಚ್ಚಿ ಬಿದ್ದಿದ್ನಲ್ಲ, ಅಲ್ಲಿ ಕೃಪಾ ಇದ್ಲು. ಆರು ವರ್ಸದಾಕಿ ಅಲ್ಲ. ಬೆಳದಾಳ. ಈಗ ಇದ್ದಿದ್ರ ಎಷ್ಟ್ ಆಗತಿತ್ತೋ ಅಷ್ಟ ಆಗ್ಯಾಳ, ಹತ್ತು ವರ್ಸದಾಕಿ. ನಾ ಗುರುತ ಹಿಡೀಲಿಲ್ಲ, ಆಕೀನ ಅಪ್ಪಾ ಅಂದ್ಲು. ಇಬ್ರೂ ನಡಕೋತ ಹೊಂಟಿದ್ವಿ. ಏನೇನೋ ಮಾತಾಡಿದ್ಲು, ನಕ್ಕಳು. ಅಷ್ಟರಾಗ ನಿಮ್ಮ ದನಿ ಕೇಳ್ತು. ನೀವೆಲ್ಲಾ ಕೂಡಿ ಕೂಗಾಕತ್ತಿದ್ರಿ. ಹಗ್ಗ ಹಾಕಿ ಜಗ್ಗಿದಂಗಾತು. ಅವ್ವ ಕರಿಯಾಕತ್ತಾಳ, ಹೋಗಪ್ಪಾ ಅಂದು ಆಕಿ ಅಲ್ಲೇ ನಿಂತ್ಲು. ನಾ ಇಲ್ಲಿ ಬಂದು ಬಿದ್ದೆ."

ಇಷ್ಟು ಹೇಳಿ ನನ್ನ ಮುಖವನ್ನೇ ನೋಡಿದರು. ಆ ನೋಟವನ್ನು ಹೇಗೆ ಬರೆಯಲಿ? ಸಂತೆಯಲ್ಲಿ ತನ್ನ ಚೀಲ ಕದ್ದವಳನ್ನು ಹಿಡಿದ ಹಾಗೆ. ಆಮೇಲೆ ಕೇಳಿದರು:

"ನನ್ನ ಕರದಂಗ ಆಕಿನ್ನ ಯಾಕ ಕರೀಲಿಲ್ಲ ನೀನು?"

ಅಕ್ಕಾರ, ನಾನು ಕರೆದೆ. ಇದೇ ಬಾಯಿಂದ, ಇದೇ ಮೊಣಕಾಲ ಮೇಲೆ ಕೂತು ಕರೆದೆ. ಕಡಿಮೆ ಕರೆದೆನೇನೋ. ಅವತ್ತು ಮಧ್ಯಾಹ್ನ ಆಸ್ಪತ್ರೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ಕಣ್ಣು ಹತ್ತಿತ್ತು. ಆಗಲೇ ಹೋದಳು. ಅದು ಅವರಿಗೂ ಗೊತ್ತು.

ಉಪವಾಸ ಹಾಗೆಯೇ ನಡೆಸಿದ್ದೇನೆ.

ಸುವಾರ್ತಮ್ಮ


ಮಸ್ಕಿ
2 ಡಿಸೆಂಬರ್ 2023

ಸುವಾರ್ತಾ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಅವನು ಎದುರಿಗಿದ್ದರೆ, ಕಾಯಿಲೆಯವನು ಎಂದು ನೋಡದೆ ಕಪಾಳಕ್ಕೆ ಒಂದು ಬಿಡುತ್ತಿದ್ದೆ. ಹಗಲು ರಾತ್ರಿ ಕೂತು ಕಾದವಳಿಗೆ ಕೇಳುವ ಮಾತೇ ಅದು? ಅದಕ್ಕೆ ನೀನು ಉತ್ತರ ಹುಡುಕಬೇಡ. ಮಗಳನ್ನು ಕಳೆದುಕೊಂಡವನ ಬಾಯಿಂದ ಏನೋ ಬಂತು, ಅಷ್ಟೇ. ನೀನು ಕಣ್ಣು ಮುಚ್ಚದಿದ್ದರೂ ಅವಳು ಹೋಗುತ್ತಿದ್ದಳು. ಡಾಕ್ಟರು ಹಿಂದಿನ ದಿನವೇ ನನ್ನನ್ನು ಹೊರಗೆ ಕರೆದು ಕೈ ಚೆಲ್ಲಿದ್ದರು. ನಾನೇ ನಿನಗೆ ಹೇಳಿರಲಿಲ್ಲ.

ಮತ್ತೆ ಇದೇನು, ಉಪವಾಸ ನಡೆಸಿದ್ದೇನೆ ಅನ್ನುವುದು? ಹಿರಿಯರು ಮಾಡಿದ ಪದ್ಧತಿಯಾದರೆ ಹಿರಿಯರೇ ಬಿಡಿಸಲಿ. ಪಾಸ್ಟರಯ್ಯನ ಕೈಯಿಂದ ಕುಡಿ. ಇಲ್ಲದಿದ್ದರೆ ನಾನು ಬಂದು ಮೂಗು ಹಿಡಿದು ಕುಡಿಸುತ್ತೇನೆ. ನಿಮ್ಮ ಹಬ್ಬಕ್ಕೆ ಹೇಗೂ ಬರುತ್ತೇನೆ. ಅವನು ಮಾತ್ರೆ ಸರಿಯಾಗಿ ನುಂಗುತ್ತಾನೋ ಇಲ್ಲವೋ ನೋಡು. ತಪ್ಪಿಸಿದರೆ ಮತ್ತೆ ಬೀಳುತ್ತಾನೆ ಎಂದು ರಾಯಚೂರಿನ ಡಾಕ್ಟರು ನನ್ನ ಮುಂದೆಯೇ ಹೇಳಿದ್ದಾರೆ.

ಕೇಳಬಾರದು ಎಂದುಕೊಂಡೇ ಇಷ್ಟು ಬರೆದೆ. ಆದರೂ ಕೇಳುತ್ತೇನೆ, ಬೈಯಬೇಡ. ಕೂಸಿನ ಕಿವಿಯಲ್ಲಿ ನಾನು ಮಾಡಿಸಿಕೊಟ್ಟ ಬೆಂಡೋಲೆ ಇದ್ದವಂತೇನು? ಅವನನ್ನು ಕೇಳು. ಬೇಡ, ಕೇಳಬೇಡ. ಕೇಳಿದರೆ ಬರೆ.

ಜೋಗಮ್ಮ


ಸಿಂಧನೂರು
29 ಡಿಸೆಂಬರ್ 2023

ಅಕ್ಕಾರಿಗೆ ವಂದನೆಗಳು.

ಹಬ್ಬದ ದಿನ ನೀವು ಬಂದಾಗ ಇದನ್ನು ಹೇಳಲು ಆಗಲಿಲ್ಲ. ಅವರು ಪಕ್ಕದಲ್ಲೇ ಇದ್ದರು. ಮೊದಲು ಕ್ಷಮೆ ಕೇಳುತ್ತೇನೆ. ನಿಮ್ಮೆದುರಿಗೆ ತಟ್ಟೆ ಹಿಡಿದು ಕೂತಿದ್ದೆನಲ್ಲ, ನೀವು ಕೈ ತೊಳೆಯಲು ಎದ್ದಾಗ ಅಷ್ಟನ್ನೂ ಸಕೀನಾಬೀಯ ಆಡಿಗೆ ಹಾಕಿದೆ. ಹಬ್ಬದೂಟ ಆ ಆಡಿಗಾಯಿತು.

ನೀವು ಕೇಳಿದ್ದನ್ನು ನಾನು ಕೇಳಿದೆ. ಕಿವಿ ಬರಿದಾಗಿದ್ದವಂತೆ. ತೂತು ಮಾತ್ರ ಕಾಣುತ್ತಿತ್ತಂತೆ. ಅಕ್ಕಾರ, ಮಣ್ಣು ಮಾಡುವ ಮುಂಚೆ ಆ ಬೆಂಡೋಲೆಗಳನ್ನು ನಾನೇ ಬಿಚ್ಚಿಟ್ಟುಕೊಂಡಿದ್ದೆ. ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದ್ದೇನೆ. ಅವರಿಗೆ ಹೇಳಿರಲಿಲ್ಲ. ಕೂಸಿನ ಜೊತೆಯೇ ಹೋದವು ಎಂದು ಅವರು ತಿಳಿದಿದ್ದರು. ಹಾಗಾದರೆ ಬರಿಯ ಕಿವಿಯನ್ನು ಅವರು ಎಲ್ಲಿ ನೋಡಿದರು? ಅವತ್ತಿನಿಂದ ನನಗೆ ನಂಬಿಕೆ ಬಂದಿದೆ. ಅವಳು ಇದ್ದಾಳೆ. ಬೆಳೆಯುತ್ತಿದ್ದಾಳೆ.

ಮಾತ್ರೆಯ ವಿಷಯ ನೀವು ಹೇಳಿದ್ದು ಸರಿಯಾಯಿತು. ಹಾಸಿಗೆ ಕೊಡವಿದರೆ ದಿಂಬಿನ ಚೀಲದಿಂದ ಮಾತ್ರೆಗಳು ಉದುರಿದವು. ನುಂಗಿದ ಹಾಗೆ ಮಾಡಿ ಅಲ್ಲಿ ತುರುಕುತ್ತಿದ್ದಾರೆ. ನಾನು ಅತ್ತೆ, ಕಾಲು ಹಿಡಿದೆ. "ನೀ ಉಪವಾಸ ಮಾಡಿ ಕರದಿ. ನಾ ಮಾತ್ರಿ ಬಿಟ್ಟು ಹೋಕ್ಕೀನಿ. ನಿಂದು ನಿನಗ, ನಂದು ನನಗ" ಅಂದರು. ಸಂಜೆಯಾದರೆ ಬಾಗಿಲು ಹಾಕಲು ಬಿಡುವುದಿಲ್ಲ. ಹೊಸ್ತಿಲ ಕಡೆ ಮುಖ ಮಾಡಿ ಕೂತಿರುತ್ತಾರೆ. ಯಾರಾದರೂ ಓಣಿಯ ಮಕ್ಕಳು ಓಡಿಹೋದರೆ ಎದ್ದು ನಿಲ್ಲುತ್ತಾರೆ.

ಪಾಸ್ಟರಯ್ಯನವರು ಎರಡು ಸಲ ಬಂದರು, ತಾವೇ ಗಂಜಿ ಕೊಡುತ್ತೇನೆ ಎಂದರು. ನಾನೇ ಬೇಡವೆಂದೆ. ಉಪವಾಸವೆಂದು ಶಾಲೆಯಲ್ಲಿ ಸಾರಿನ ಉಪ್ಪನ್ನು ಬಾಯಿಗೆ ಹಾಕಿ ನೋಡುವುದಿಲ್ಲವಲ್ಲ, ಒಂದು ದಿನ ಸಪ್ಪೆ, ಒಂದು ದಿನ ಸಮುದ್ರ. ಮಕ್ಕಳು ಮುಖ ಕಿವುಚುತ್ತವೆ. ಈಗ ಸಕೀನಾಬೀಯೇ ಉಪ್ಪು ಹಾಕುತ್ತಾಳೆ.

ನಿಮಗೊಂದು ಮಾತು ಹೇಳುತ್ತೇನೆ. ದೊಡ್ಡ ಒಲೆಯ ಮುಂದೆ ನಿಂತಾಗ ಒಮ್ಮೊಮ್ಮೆ ಕಣ್ಣಿಗೆ ಕತ್ತಲೆ ಬರುತ್ತದೆ. ಮೊದಲು ಹೆದರುತ್ತಿದ್ದೆ, ಗೋಡೆ ಹಿಡಿಯುತ್ತಿದ್ದೆ. ಈಗ ಹಿಡಿಯುವುದಿಲ್ಲ. ಇನ್ನು ಸ್ವಲ್ಪ ಹೊತ್ತು ಹಾಗೇ ನಿಂತರೆ ಆ ಕಡೆ ಏನೋ ಕಾಣಿಸೀತು ಅನ್ನಿಸುತ್ತದೆ. ರಾತ್ರಿಯ ಆ ಒಂದು ಹಿಡಿ ಅನ್ನವನ್ನೂ ಈ ವಾರದಿಂದ ಬಿಟ್ಟಿದ್ದೇನೆ. ಹಸಿವು ಅಂತ ಏನೂ ಇಲ್ಲ. ನೀವು ಚಿಂತೆ ಮಾಡಬೇಡಿ.

ಸುವಾರ್ತಮ್ಮ


ಮಸ್ಕಿ
2 ಜನವರಿ 2024

ಲಾಲಪ್ಪಾ,

ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕೆಂದು ಯೂನುಸನಿಗೆ ಆಣೆ ಹಾಕಿಸಿ ಕಳಿಸಿದ್ದೇನೆ. ಹೆಂಡತಿ ಶಾಲೆಗೆ ಹೋದಾಗ ಓದು.

ನೀನು ಏನು ನೋಡಿದೆಯೋ ನಾನು ಸುಳ್ಳು ಅನ್ನುವುದಿಲ್ಲ. ನಾನೂ ಆ ಕೂಸನ್ನು ಎತ್ತಿ ಆಡಿಸಿದವಳು, ನನಗೂ ಆಸೆಯಿದೆ, ಎಲ್ಲೋ ಒಂದು ಕಡೆ ಇರಲಿ ಎಂದು. ಆದರೆ ನಿನ್ನ ಎದುರಿಗೆ ಬದುಕಿರುವವಳನ್ನು ಸ್ವಲ್ಪ ನೋಡು. ಹಬ್ಬಕ್ಕೆ ಬಂದಾಗ ಬಳೆ ಮೊಣಕೈವರೆಗೆ ಜಾರುತ್ತಿದ್ದವು. ಕುಪ್ಪಸ ಯಾರದೋ ತೊಟ್ಟ ಹಾಗಿತ್ತು. ಅವಳು ಈಗ ನೀರು ಬಿಟ್ಟರೆ ಏನೂ ಮುಟ್ಟುತ್ತಿಲ್ಲ. ನಿನ್ನ ಕೈಯ ಗಂಜಿಗೆ ಕಾದಿದ್ದಾಳೆ ಎಂದು ನೀನು ತಿಳಿದಿದ್ದೀ. ನಾನೂ ಹಾಗೇ ತಿಳಿದಿದ್ದೆ. ಅಲ್ಲ ಲಾಲ್ಯಾ. ನೀನು ನೋಡಿದ್ದನ್ನು ತಾನೂ ನೋಡಬೇಕೆಂದು ಹೊರಟಿದ್ದಾಳೆ. ನನಗೆ ಬರೆದ ಕಾಗದದಲ್ಲಿ ಅವಳು ಬಾಯಿ ಬಿಟ್ಟು ಹೇಳಿಲ್ಲ, ಆದರೆ ನಾನು ಹೆಂಗಸು, ನನಗೆ ಗೊತ್ತಾಗುತ್ತದೆ.

ಒಬ್ಬ ಮಾತ್ರೆ ಬಿಟ್ಟು ಕೂತಿದ್ದಾನೆ, ಒಬ್ಬಳು ಅನ್ನ ಬಿಟ್ಟು ಕೂತಿದ್ದಾಳೆ. ಒಂದೇ ಖೋಲಿಯಲ್ಲಿ ಇಬ್ಬರೂ ಹೋಗಲು ತುದಿಗಾಲ ಮೇಲೆ ನಿಂತಿದ್ದೀರಿ. ನನಗೆ ಯಾರಿದ್ದಾರಪ್ಪಾ? ಈ ವಾರ ಮೇಲಧಿಕಾರಿಗಳು ಅಂಗನವಾಡಿ ನೋಡಲು ಬರುತ್ತಾರೆ, ಅವರು ಹೋದ ಕೂಡಲೇ ಬಸ್ಸು ಹತ್ತುತ್ತೇನೆ. ಅಷ್ಟರೊಳಗೆ ಅವಳಿಗೆ ಒಂದು ಲೋಟ ಗಂಜಿ ಕೊಡು. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಅಕ್ಕ,
ಜೋಗಮ್ಮ


ಸಿಂಧನೂರು, ಆಸ್ಪತ್ರೆಯಿಂದ
6 ಜನವರಿ 2024

ಅಕ್ಕಾ,

ಯೂನುಸ ನಿನಗೆ ಸುದ್ದಿ ಮುಟ್ಟಿಸಿರುತ್ತಾನೆ. ಹೆದರಬೇಡ, ಸುವಾರ್ತಾ ಈಗ ಮಾತಾಡುತ್ತಾಳೆ. ಪಕ್ಕದಲ್ಲೇ ಮಲಗಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಬಂದ ಮೇಲೆ ಬಾಯಿಂದ ಹೇಳಲು ನನಗೆ ಆಗುವುದಿಲ್ಲ.

ನಿನ್ನ ಕಾಗದವನ್ನು ನಾನು ಮಂಗಳವಾರವೇ ಓದಿದೆ. ಓದಿ ಮಡಿಚಿ ಇಟ್ಟೆ. ಏನೂ ಮಾಡಲಿಲ್ಲ. ಅಕ್ಕಾ, ನನಗೆ ಅವಳ ಮೇಲೆ ಮರುಕ ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ನನಗಿಂತ ಮುಂಚೆ ಅವಳು ಹೋಗಿ ಕೂಸನ್ನು ನೋಡುತ್ತಾಳಲ್ಲ ಎಂದು. ಎರಡು ದಿನ ಅವಳು ಗೋಡೆ ಹಿಡಿದು ನಡೆಯುವುದನ್ನು ನೋಡುತ್ತ ಕೂತಿದ್ದೆ. ಇಂಥವನನ್ನು ನೀನು ಸೊಂಟದ ಮೇಲೆ ಬೆಳೆಸಿದ್ದೀ.

ಮೂರನೆಯ ದಿನ ಸಕೀನಾಬೀ ಓಡಿ ಬಂದಳು. "ಲಾಲಪ್ಪಣ್ಣಾ, ಸುವಾರ್ತಾ ಒಲಿ ಮುಂದ ಬಿದ್ದಾಳ, ಕಣ್ಣ ತೆರಿವಲ್ಲಳು!" ಅಂದಳು. ಬೆಂಕಿಗೆ ಬೀಳದೆ ಈ ಕಡೆ ಬಿದ್ದಿದ್ದಳು. ಆಟೋದಲ್ಲಿ ಹಾಕಿಕೊಂಡು ಬಂದೆವು. ಇಲ್ಲಿ ಸಲೈನು ಹಚ್ಚಿದರು. ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದಿದೆ, ಏನೂ ಹೇಳಲಾಗದು ಅಂದರು. ಕೈ ಹಿಡಿದೆ. ಹಕ್ಕಿಯ ಕಾಲಿನಷ್ಟು ಹಗುರ ಇತ್ತು.

ಆಗ ನಾನು ಕರೆದೆ ಅಕ್ಕಾ. ವಾರ್ಡಿನಲ್ಲಿ ಜನ ಇದ್ದಾರೆ ಅನ್ನುವುದೂ ಮರೆತುಹೋಯಿತು. ಸುವಾರ್ತಾ, ಬಾ ಬೇ, ನನ್ನ ಬಿಟ್ಟು ಹೋಗಬ್ಯಾಡ ಎಂದು ಗಂಟಲು ಹರಿಯುವಂತೆ ಕರೆದೆ. ಯೇಸುವನ್ನು ಕರೆದೆ. ನಿನ್ನ ಎಲ್ಲಮ್ಮನನ್ನೂ ಬಿಡಲಿಲ್ಲ. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಕೂಸಿನ ನೆನಪು ಬರಲಿಲ್ಲ. ಅವಳು ನನ್ನನ್ನು ಯಾಕೆ ಕರೆದಳು ಎಂದು ಆಗ ತಿಳಿಯಿತು. ಆ ಹೊತ್ತಿಗೆ ಮನುಷ್ಯನಿಗೆ ಬೇರೆ ಏನೂ ಮಾಡಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟಳು. ಕೇಳಬಾರದಿತ್ತು, ಆದರೆ ಕೇಳಿದೆ. "ಇದ್ಲೇನು?" ಅಂದೆ.

ಬಹಳ ಹೊತ್ತು ನನ್ನನ್ನು ನೋಡಿದಳು. "ಯಾರೂ ಇರಲಿಲ್ರೀ. ಬರೇ ಕತ್ತಲಿತ್ತು. ನಿಮ್ಮ ದನಿ ಕೇಳ್ತು, ಅದನ್ನ ಹಿಡಕೊಂಡು ಬಂದೆ" ಅಂದಳು.

"ಹಂಗಾರ ನಾ ನೋಡಿದ್ದು?"

"ನೀವು ಔಸದದ ಅಮಲಿನ್ಯಾಗ ಇದ್ರಿ. ಕೂಸು ಮಣ್ಣಾಗ ಮಲಗ್ಯಾಳ. ಸುಮ್ನ ಮಲಗಲಿ, ಆಕಿನ್ನ ಕಾಯಬ್ಯಾಡ್ರಿ" ಅಂದಳು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಕೃಪಾ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಸಕೀನಾಬೀ ಮನೆಯಿಂದ ಗಂಜಿ ತಂದಿದ್ದಳು. ಲೋಟ ತೆಗೆದುಕೊಂಡು ಅವಳ ಬಾಯಿಗೆ ಹಿಡಿದೆ. ಎಡಗೈ ಸೋತು ಅರ್ಧ ಅವಳ ಸೀರೆಯ ಮೇಲೆ ಚೆಲ್ಲಿತು. ಉಳಿದ ಅರ್ಧ ಕುಡಿದಳು. ನನ್ನ ಮಾತ್ರೆಯನ್ನು ನಾನೂ ಅವಳೆದುರಿಗೆ ನುಂಗಿದೆ.

ಬರುವಾಗ ನಿನ್ನ ಕೈಯ ಜೋಳದ ರೊಟ್ಟಿ ತಾ. ಅವಳು ಕೇಳಿದಳು.

ಲಾಲಪ್ಪ


ಲಿಂಗಸುಗೂರು
26 ಫೆಬ್ರವರಿ 2024

ಅಕ್ಕಾರಿಗೆ ಸುವಾರ್ತಮ್ಮನ ವಂದನೆಗಳು.

ಎರಡು ವಾರದಿಂದ ತವರಿನಲ್ಲಿದ್ದೇನೆ. ಅವ್ವ ದಿನಕ್ಕೆ ಮೂರು ಹೊತ್ತು ತಿನ್ನಿಸುತ್ತಾಳೆ, ಬಳೆಗಳು ಮತ್ತೆ ಮಣಿಕಟ್ಟಿಗೆ ಬಂದಿವೆ. ನಿಮ್ಮ ತಮ್ಮ ಮಿಲ್ಲಿಗೆ ಅರ್ಧ ದಿನ ಹೋಗುತ್ತಿದ್ದಾರೆ. ಮಾತ್ರೆ ನುಂಗಿ ನನಗೆ ಫೋನು ಮಾಡಿ ಹೇಳುತ್ತಾರೆ, ಶಾಲೆಯ ಹುಡುಗನ ಹಾಗೆ. ಸಂಜೆಗೆ ಬಾಗಿಲು ಹಾಕಿಕೊಳ್ಳುತ್ತಾರಂತೆ.

ನಾನು ಹೊರಡುವ ಹಿಂದಿನ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಲು ನಿಲ್ಲಿಸಿದರು. ಕತ್ತಲೆಯಲ್ಲಿದ್ದೆ, ನನ್ನ ಗಂಡನ ದನಿ ಕೇಳಿತು, ದೇವರು ಅದರ ಮೂಲಕ ನನ್ನನ್ನು ಹಿಂದಕ್ಕೆ ತಂದ ಎಂದು ಹೇಳಿದೆ. ಎಲ್ಲರೂ ಸ್ತೋತ್ರ ಎಂದರು. ಅವರು ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ಅಕ್ಕಾರ, ನಾನು ದೇವರ ಮನೆಯಲ್ಲಿ ನಿಂತು ಸುಳ್ಳು ಹೇಳಿದೆ. ಯಾರಿಗಾದರೂ ಒಬ್ಬರಿಗೆ ನಿಜ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಪಾಸ್ಟರಯ್ಯನವರಿಗೆ ಹೇಳಿದರೆ ನಿಮ್ಮ ತಮ್ಮನಿಗೂ ಹೇಳು ಅನ್ನುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕಿಬಿಡಿ.

ಅವಳು ಇದ್ದಳು. ಅವರು ಹೇಳಿದ್ದಕ್ಕಿಂತ ಎತ್ತರ ಆಗಿದ್ದಾಳೆ, ನನ್ನ ಭುಜಕ್ಕೆ ಬರುತ್ತಾಳೆ. ಮೂಗು ನಿಮ್ಮದೇ. ನನ್ನನ್ನು ನೋಡಿದ ಕೂಡಲೇ ಓಡಿ ಬಂದು ಸೆರಗು ಹಿಡಿದುಕೊಂಡಳು. ಬಿಗಿಯಾಗಿ, ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದಳಲ್ಲ, ಹಾಗೆ. "ಅವ್ವಾ, ಅಪ್ಪ ಹೋಗಿಬಿಟ್ಟ. ನೀ ಇರ್ತಿ ಹೌದಲ್ಲ?" ಅಂದಳು.

ನಾನು ಇರುತ್ತೇನೆ ಅಂದೆ. ಅವಳ ತಲೆ ನೇವರಿಸಿದೆ, ಕೂದಲು ಬಿಸಿಲಿಗೆ ಬೆಚ್ಚಗಿತ್ತು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು.

ನಿಮ್ಮ ತಮ್ಮ ನನ್ನನ್ನು ಗಂಟಲು ಹರಿಯುವಂತೆ ಕರೆದೆ ಅನ್ನುತ್ತಾರೆ. ಕರೆದಿರುತ್ತಾರೆ. ಆದರೆ ನನಗೆ ಯಾವ ದನಿಯೂ ಕೇಳಲಿಲ್ಲ ಅಕ್ಕಾರ. ಯಾರೂ ನನ್ನನ್ನು ಜಗ್ಗಲಿಲ್ಲ. ಅಲ್ಲಿ ಬಹಳ ಶಾಂತವಾಗಿತ್ತು. ಮಾತ್ರೆ ನುಂಗದೆ ಬಾಗಿಲು ನೋಡುತ್ತ ಕೂತ ಆ ಮನುಷ್ಯನ ನೆನಪು ನನಗೆ ತಾನಾಗಿಯೇ ಬಂತು. ನಾನು ಇಲ್ಲೇ ಉಳಿದರೆ ಇನ್ನೊಂದು ವಾರದಲ್ಲಿ ಅವರೂ ಬರುತ್ತಾರೆ ಅನ್ನಿಸಿತು. ಕೃಪಾಳಿಗೆ ಅದರಿಂದ ಸಂತೋಷವೇ ಆಗುತ್ತಿತ್ತು. ನನಗೇ ಅದು ಬೇಡವಾಯಿತು. ಅವರು ಬದುಕಬೇಕು ಅನ್ನಿಸಿತು.

ಅವಳು ಸೆರಗು ಬಿಡಲಿಲ್ಲ. ನಾನೇ ಬಗ್ಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹತ್ತು ವರ್ಷದ ಮಗಳ ಬೆರಳಿಗೆ ಬಲ ಇರುತ್ತದೆ. ಬಿಡಿಸಿಕೊಂಡು ಬಂದೆ. ಹಿಂದಿನಿಂದ ಅವ್ವಾ ಅಂದಳು. ತಿರುಗಿ ನೋಡಿದ್ದರೆ ಬರಲು ಆಗುತ್ತಿರಲಿಲ್ಲ, ಹಾಗಾಗಿ ನೋಡಲಿಲ್ಲ.

ನಿಮ್ಮ,
ಸುವಾರ್ತಮ್ಮ